14ನೇ ಸೀಟು ಯಾರದ್ದು?

ಹಬ್ಬದ ಹಿಂದಿನ ರಾತ್ರಿ ಹುಬ್ಬಳ್ಳಿಗೆ ಹೊರಡುವ ಬಸ್ಸು. ಉಳಿದಿರುವುದು 14ನೇ ಸೀಟೊಂದೇ. ಇಬ್ಬರು ಒಂದೇ ಗಳಿಗೆಗೆ ಅದನ್ನು ಒತ್ತುತ್ತಾರೆ. ಪ್ರೋಗ್ರಾಂ ಮೊದಲು ‘ಸೀಟು ಖಾಲಿ ಇದೆಯಾ?’ ಅಂತ ಡೇಟಾಬೇಸನ್ನು ಕೇಳುತ್ತದೆ. ಇಬ್ಬರಿಗೂ ‘ಇದೆ’ ಎಂಬ ಉತ್ತರ. ಒಬ್ಬರ ಹೆಸರು ಬಿತ್ತು, ಅದರ ಮೇಲೆಯೇ ಇನ್ನೊಬ್ಬರದೂ ಬಿತ್ತು. ಎರರ್ ಎಲ್ಲೂ ಇಲ್ಲ. ಜಗಳ ಆಗುವುದು ಮೆಜೆಸ್ಟಿಕ್‌ನಲ್ಲಿ, ಕಂಡಕ್ಟರ್ ಎದುರಿಗೆ.

‘ಎಲ್ಲಾ ಟ್ರಾನ್ಸಾಕ್ಷನ್ ಒಳಗೇ ಇದೆಯಲ್ಲ ಸಾರ್’ ಅನ್ನುತ್ತಾರೆ ಹುಡುಗರು. ಇದ್ದರೇನು? ಪೋಸ್ಟ್‌ಗ್ರೆಸ್ ತಾನಾಗಿ ಕೊಡುವುದು ‘ರೀಡ್ ಕಮಿಟೆಡ್’ ಎಂಬ ಐಸೊಲೇಷನ್ ಮಟ್ಟ. ಅಲ್ಲಿ ಎರಡನೆಯವರ ಅಪ್‌ಡೇಟ್ ಮೊದಲನೆಯವರ ಕಮಿಟ್ ಆಗುವವರೆಗೆ ಶಿಸ್ತಾಗಿ ಕಾಯುತ್ತದೆ, ಕಾದಮೇಲೆ ಅಷ್ಟೇ ಶಿಸ್ತಾಗಿ ಅಳಿಸಿ ಬರೆಯುತ್ತದೆ. ‘ರಿಪೀಟಬಲ್ ರೀಡ್’ಗೆ ಏರಿಸಿದರೆ ಪೋಸ್ಟ್‌ಗ್ರೆಸ್ ಎರಡನೆಯವರನ್ನು ತಡೆದು ಎರರ್ ಎಸೆಯುತ್ತದೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ ಇದೇ ಹೆಸರಿನ ಮಟ್ಟ ಮೊದಲಿನಿಂದಲೇ ಇರುತ್ತದೆ, ಆದರೂ ಅಲ್ಲಿ ಸೀಟು ಸದ್ದಿಲ್ಲದೆ ಕೈತಪ್ಪುತ್ತದೆ. ಎಸ್‌ಕ್ಯೂಎಲ್ ಮಾನದಂಡದಲ್ಲಿ ಈ ಮಟ್ಟಗಳ ವ್ಯಾಖ್ಯೆಯೇ ಸಡಿಲ ಎಂದು 1995ರಲ್ಲಿ ಪ್ರಬಂಧ ಬರೆದು ತೋರಿಸಿದವರಲ್ಲಿ ಜಿಮ್ ಗ್ರೇ ಒಬ್ಬರು. ಟ್ರಾನ್ಸಾಕ್ಷನ್ ಎಂಬ ಕಲ್ಪನೆಗೆ ಗಟ್ಟಿ ರೂಪ ಕೊಟ್ಟ, 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಮನುಷ್ಯ. 2007ರಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟವರು ಮತ್ತೆ ಸಿಗಲೇ ಇಲ್ಲ.

ನನಗೆ ರುಚಿಸುವ ಪರಿಹಾರ ಬಹಳ ಚಿಕ್ಕದು: ಮೊದಲು ಕೇಳಿ ಆಮೇಲೆ ಬರೆಯುವುದನ್ನೇ ಬಿಡಿ. ‘14ನೇ ಸೀಟು ಇನ್ನೂ ಖಾಲಿ ಇದ್ದರೆ ಮಾತ್ರ ಈ ಹೆಸರು ಬರೆ’ ಅಂತ ಷರತ್ತನ್ನು ಅಪ್‌ಡೇಟ್ ಒಳಗೇ ಸೇರಿಸಿ, ಎಷ್ಟು ಸಾಲು ಬದಲಾಯಿತು ನೋಡಿ. ಒಂದು ಅಂದರೆ ಸೀಟು ನಿಮ್ಮದು; ಸೊನ್ನೆ ಅಂದರೆ ಬೇರೆಯವರ ಪಾಲಾಯಿತು. ‘ರೀಡ್ ಕಮಿಟೆಡ್’ನಲ್ಲಿ ಕಾದು ನಿಂತ ಅಪ್‌ಡೇಟ್ ಎದ್ದಕೂಡಲೇ ಷರತ್ತನ್ನು ಹೊಸ ಸಾಲಿನ ಮೇಲೆ ಇನ್ನೊಮ್ಮೆ ತಾಳೆ ನೋಡುತ್ತದೆ. ‘ಸೆಲೆಕ್ಟ್ ಫಾರ್ ಅಪ್‌ಡೇಟ್’ನಿಂದಲೂ ಇದಾಗುತ್ತದೆ, ಆದರೆ ಲಾಕ್ ಹಿಡಿದು ಕೂರುವುದು ದುಬಾರಿ. ಲಾಕ್ ಹಿಡಿದುಕೊಂಡೇ ಪೇಮೆಂಟ್ ಗೇಟ್‌ವೇಗೆ ಕರೆ ಮಾಡುವ ಕೋಡ್ ಕಂಡರೆ ನನಗೆ ಮೈಯುರಿಯುತ್ತದೆ. ಒಟಿಪಿ ಬರುವಷ್ಟರಲ್ಲಿ ಕನೆಕ್ಷನ್‌ಗಳೆಲ್ಲ ಮುಗಿದಿರುತ್ತವೆ. ಪೋಸ್ಟ್‌ಗ್ರೆಸ್ ತಾನಾಗಿ ಕೊಡುವುದೇ ಸುಮಾರು 100. ದುಡ್ಡು ಕಟ್ಟುವವರೆಗೆ ಸೀಟು ಕಾಯ್ದಿಡಬೇಕೆಂದರೆ ‘ಇಷ್ಟು ಗಂಟೆಯವರೆಗೆ ಇವರಿಗೆ’ ಎಂದು ಸಾಲಿನಲ್ಲೇ ಬರೆದು ಕಮಿಟ್ ಮಾಡಿಬಿಡಿ.

ಸೀಟು ಎರಡಾದರೆ ಇನ್ನೊಂದು ಫಜೀತಿ. ಒಬ್ಬರು 14 ಹಿಡಿದು 15ಕ್ಕೆ ಕಾಯುತ್ತಾರೆ, ಇನ್ನೊಬ್ಬರು 15 ಹಿಡಿದು 14ಕ್ಕೆ. ಪೋಸ್ಟ್‌ಗ್ರೆಸ್ ಒಂದು ಸೆಕೆಂಡ್ ತಾಳಿ, ಡೆಡ್‌ಲಾಕ್ ಎಂದು ಗುರುತಿಸಿ, ಒಬ್ಬರನ್ನು ಹೊರಹಾಕುತ್ತದೆ. ಗ್ರಾಹಕರು ಯಾವ ಕ್ರಮದಲ್ಲಿ ಒತ್ತಿದರೂ ಸರಿ, ಸೀಟುಗಳನ್ನು ಸಂಖ್ಯೆಯ ಏರಿಕೆಯಲ್ಲೇ ಒಂದೊಂದಾಗಿ ಹಿಡಿದರೆ ಈ ಸಿಕ್ಕು ಹುಟ್ಟುವುದೇ ಇಲ್ಲ.