ಬೆಳ್ಳಿಯ ಮಾತು ಕೇಳಿಸಿಕೊಂಡವರು ಯಾರು?

ದಾಬಸ್‌ಪೇಟೆಯ ತರಗತಿಯಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಬಗ್ಗೆ ಮಾತಾಡುವಾಗ ಬೆಳ್ಳಿಯ ಪ್ರಸಂಗ ಬಂದರೆ ಹುಡುಗರು ಒಬ್ಬರಿಗೊಬ್ಬರು ಮೊಣಕೈಯಲ್ಲಿ ತಿವಿಯುತ್ತಾರೆ. ಕೇರಿಯಿಂದ ಬಂದ ಹುಡುಗಿಯರು ತಲೆ ತಗ್ಗಿಸುತ್ತಾರೆ. ಆ ತಗ್ಗಿದ ತಲೆಗಳಿಗೆ ಉತ್ತರ ಕೊಡದ ವಿಮರ್ಶೆ ನನಗೆ ಬೇಡ.

ಪ್ರಾಣೇಶಾಚಾರ್ಯರ ಬಾಯಲ್ಲಿ ಶಕುಂತಲೆಯ ವರ್ಣನೆ ಕೇಳಿ ಶ್ರೀಪತಿಗೆ ಮೈ ಕಾವೇರುತ್ತದೆ. ಕಾವು ಹುಟ್ಟಿದ್ದು ಕಾವ್ಯದಿಂದ. ತಣಿದದ್ದು ಹೊಲಗೇರಿಯ ಹೆಣ್ಣಿನ ಮೈಯಿಂದ. ಇದನ್ನು ನಿಸರ್ಗಸಹಜ ಕಾಮ, ಒಣಗಿದ ಅಗ್ರಹಾರಕ್ಕೆ ಎದುರಾದ ಜೀವಶಕ್ತಿ ಅಂತ ಓದುವ ರೂಢಿಯಿದೆ. ಸರಿ ಸ್ವಾಮಿ, ಆದರೆ ಮುಂದೆ ಬೆಳ್ಳಿ ಏನೋ ಹೇಳ್ತಾಳಲ್ಲ? ಇಲಿಗಳು ಗುಡಿಸಲಿಗೆ ನುಗ್ಗುತ್ತಿವೆ, ಅಪ್ಪ ಅವ್ವ ಜ್ವರದಲ್ಲಿ ಮಲಗಿದ್ದಾರೆ ಅಂತಾಳೆ. ಅಗ್ರಹಾರ ಇನ್ನೂ ಹೆಸರಿಡದ ಪ್ಲೇಗಿನ ಸುದ್ದಿ ಅವಳ ಬಾಯಲ್ಲಿದೆ. ಶ್ರೀಪತಿಗೆ ಅವಳ ಮೈ ಬೇಕು, ಮಾತು ಬೇಡ. ಅವನ ಈ ಕಿವುಡುತನವನ್ನು ಕಾದಂಬರಿಯೇ ತೋರಿಸುತ್ತದೆ. ಬೆಳ್ಳಿಯ ಮೈಯನ್ನಷ್ಟೇ ಕೊಂಡಾಡಿದ ಓದು ಅದನ್ನು ಮುಂದುವರಿಸಿತು.

ಇಲ್ಲಿ ಅಮೆರಿಕದ ಕರಿಯ ಹೆಣ್ಣುಮಕ್ಕಳ ಚಿಂತನೆ ನಮಗೆ ಒದಗುತ್ತದೆ. ಅತ್ಯಾಚಾರದ, ಅದರ ಬೆದರಿಕೆಯ ನಡುವೆ ಬದುಕಿದ ಕರಿಯ ಹೆಂಗಸರು ತಮ್ಮ ಒಳಬದುಕನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ಮರೆಮಾಡಿಕೊಂಡರು ಎಂದು ಇತಿಹಾಸಕಾರ್ತಿ ಡಾರ್ಲೀನ್ ಕ್ಲಾರ್ಕ್ ಹೈನ್ 1989ರಲ್ಲಿ ಬರೆದರು. ಆ ಮೌನ ಸೋಲಲ್ಲ, ಕಾವಲು. ಕವಿ ಆಡ್ರೆ ಲಾರ್ಡ್ 1978ರಲ್ಲೇ ಇನ್ನೊಂದು ಮಾತು ಹೇಳಿದ್ದರು: ಶೃಂಗಾರವೆಂದರೆ ಬರೀ ಹಾಸಿಗೆಯ ವಿಷಯವಲ್ಲ, ಅದು ಹೆಣ್ಣಿನೊಳಗಿನ ಅರಿವು, ಶಕ್ತಿ. ಹಾಗೆ ನೋಡಿದರೆ ಬೆಳ್ಳಿಯ ಮೈಯನ್ನೂ ಮಾತನ್ನೂ ಬೇರೆ ಮಾಡಿದ್ದೇ ಮೊದಲ ಹಿಂಸೆ.

ಹಾಗಂತ ನಾವೇನೂ ಸಾಚಾಗಳಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ (1984) ಮೇಲುಜಾತಿಯ ಕುಸುಮ ಮತ್ತು ಕೇರಿಯ ಚನ್ನ ಕೂಡುತ್ತಾರೆ, ಅದಕ್ಕೆ ತೆತ್ತ ಬೆಲೆ ಚನ್ನನ ಜೀವ. ಅಲ್ಲಿ ದಲಿತ ಗಂಡಿನ ಬಯಕೆಗೆ ಒಂದು ಕತೆಯಾದರೂ ದಕ್ಕಿತು. ದಲಿತ ಹೆಣ್ಣು ಮಾತ್ರ ನಮ್ಮ ಬಹುಪಾಲು ಬರಹದಲ್ಲಿ ಒಂದೋ ಗೌಡ ಕೆಡಿಸಿದವಳು, ಇಲ್ಲಾ ಹೋರಾಟದ ತಾಯಿ. ಅವಳಿಗೂ ಒಂದು ಆಸೆ, ಒಂದು ಬೇಡ ಅನ್ನುವ ಹಕ್ಕು ಇರಬಾರದೆ? ಮರ್ಯಾದೆಯ ಹೆಸರಲ್ಲಿ ಅದನ್ನು ಮುಚ್ಚೋದು ಅಗ್ರಹಾರದಿಂದ ಕಡ ತಂದ ಬುದ್ಧಿ.

ಈಗ ನಾನು ಬೆಳ್ಳಿಯ ಪಾಠವನ್ನು ಇಲಿಗಳಿಂದ ಶುರು ಮಾಡ್ತೀನಿ. ಮೊದಲು ಅವಳು ಹೇಳಿದ್ದನ್ನು ಕೇಳೋಣ. ಮೈಯ ಮಾತನ್ನು ಅವಳೇ ಎತ್ತಲಿ.