ಫೀಸಿನ ತಾರೀಖು, ದಾನದ ತಾರೀಖು

ನಿಮ್ಮ ಮೊಹಲ್ಲಾದಲ್ಲಿ ಡಿಗ್ರಿ ಅರ್ಧಕ್ಕೆ ಬಿಟ್ಟ ಹುಡುಗ ಯಾರಾದ್ರೂ ಇದ್ದಾನಾ? ಖಂಡಿತ ಇರ್ತಾನೆ. ಅವನ ಬಗ್ಗೆ ನಾವೆಲ್ಲ ಏನು ಹೇಳ್ತೀವಿ? "ಅವನಿಗೆ ಓದೋ ಶೌಕೇ ಇರಲಿಲ್ಲ ಬಿಡಿ" ಅಂತೀವಿ. ನಾನೂ ಹೀಗೆ ಹೇಳಿದವನೇ. ಈ ಮಾತು ಎಷ್ಟು ಸುಳ್ಳು ಅಂತ ನನಗೆ ತಿಳಿದದ್ದು ನನ್ನದೇ ಹಳೆಯ ವಿದ್ಯಾರ್ಥಿಯೊಬ್ಬ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಕಾಲೇಜಿಗೆ ಹೋಗೋದು ನಿಲ್ಲಿಸಿದಾಗ.

ನಾನಿರೋದು ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದಲ್ಲಿ. 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಶುರುವಾದ ಮೇಲೆ, ಆಮೇಲೆ ಟೆಲ್ಕೊ, ಬಜಾಜ್ ಬಂದ ಮೇಲೆ, ಕಲಬುರಗಿ, ಬೀದರ್, ವಿಜಯಪುರದ ಕಡೆಯಿಂದ ದುಡಿಯೋಕೆ ಬಂದವರು ಇಲ್ಲಿ ಬಹಳ ಜನ. ಮನೆಯಲ್ಲಿ ದಖನಿ, ಅಜ್ಜಿಯ ಹತ್ತಿರ ಕನ್ನಡ, ಬೀದಿಯಲ್ಲಿ ಮರಾಠಿ. ಆ ಹುಡುಗನ ಮನೆಯೂ ಹೀಗೇ. ಅಜ್ಜ ಅಫಜಲಪುರ ಕಡೆ ಹತ್ತಿ ಹಿಂಜುತ್ತಿದ್ದ ಪಿಂಜಾರ. 1980ರ ನಂತರ ಇಲ್ಲಿಗೆ ಬಂದು ಗಾದಿ ಹೊಲಿದ. ಅಪ್ಪ ಸ್ಕ್ರ್ಯಾಪ್ ಗೋದಾಮಿನಲ್ಲಿ ಹಮಾಲಿ.

ಇಲ್ಲಿ ಒಂದು ವಿಚಿತ್ರ ನೋಡಿ. ಪಿಂಜಾರರು ಕರ್ನಾಟಕದಲ್ಲಿ ಪ್ರವರ್ಗ 1ರಲ್ಲಿದ್ದಾರೆ. ಮಹಾರಾಷ್ಟ್ರದ ಒಬಿಸಿ ಪಟ್ಟಿಯಲ್ಲೂ ಇದ್ದಾರೆ. ಹಾಗಾದ್ರೆ ಹುಡುಗನಿಗೆ ಎರಡೂ ಕಡೆ ಹಕ್ಕು ಇರಬೇಕಲ್ಲ? ಇಲ್ಲ. ಮಹಾರಾಷ್ಟ್ರದಲ್ಲಿ ಒಬಿಸಿ ಪ್ರಮಾಣಪತ್ರ ಬೇಕಾದರೆ ಕುಟುಂಬ 1967ರ ಅಕ್ಟೋಬರ್ 13ಕ್ಕಿಂತ ಮೊದಲೇ ಈ ರಾಜ್ಯದಲ್ಲಿತ್ತು ಅಂತ ದಾಖಲೆ ತೋರಿಸಬೇಕು. ಅಜ್ಜ ಬಂದದ್ದು ತಡವಾಯ್ತು. ಕರ್ನಾಟಕದ ಕಡೆ ಹೋದರೆ, ಮೊಮ್ಮಗ ಹುಟ್ಟಿದ್ದೂ ಓದಿದ್ದೂ ಅಲ್ಲಲ್ಲ. ಒಂದೇ ಜಾತಿ, ಎರಡು ಪಟ್ಟಿ, ಕೈಯಲ್ಲಿ ಒಂದು ಕಾಗದವೂ ಇಲ್ಲ. ಕೊನೆಗೆ ಅವನಿಗೆ ಉಳಿದದ್ದು ಬಡ ಕುಟುಂಬಗಳಿಗೆ ಮಹಾರಾಷ್ಟ್ರ ಸರ್ಕಾರ ಕೊಡುವ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಯೋಜನೆ. ಅದರಲ್ಲಿ ಬೋಧನಾ ಶುಲ್ಕದ ಅರ್ಧ ಸಿಗುತ್ತೆ. ಉಳಿದರ್ಧ, ಬಸ್ಸು, ಪುಸ್ತಕ, ಲ್ಯಾಪ್‌ಟಾಪ್ ಎಲ್ಲ ಅಪ್ಪನ ಬೆನ್ನಿನ ಮೇಲೆ.

ಸರಿ, ಅರ್ಧವಾದ್ರೂ ಸಿಕ್ತಲ್ಲ ಅಂತೀರಾ? ಯಾವಾಗ ಸಿಗುತ್ತೆ ಅಂತ ಕೇಳಿ. ಕಾಲೇಜಿನ ಕೌಂಟರ್ ಹಣ ಕೇಳೋದು ಪ್ರವೇಶದ ದಿನ. ಸರ್ಕಾರದ ಹಣ ಬರೋದು ಅರ್ಜಿ, ಪರಿಶೀಲನೆ, ಆಧಾರ್ ಜೋಡಣೆ, ಮಂಜೂರಾತಿ ಎಲ್ಲ ಮುಗಿದ ಮೇಲೆ. ನಮ್ಮ ಹುಡುಗನಿಗೆ ಮೊದಲ ವರ್ಷದ ಹಣ ಬಂದಾಗ ಎರಡನೇ ವರ್ಷದ ಫೀಸಿನ ಗಡುವು ಕಳೆದಿತ್ತು. ವಿದ್ಯಾರ್ಥಿವೇತನ ಅನ್ನೋ ಮಾತು ಎಷ್ಟು ಚಂದ! ಆದರೆ ತಡವಾಗಿ ಬಂದ ಹಣ ವಿದ್ಯಾರ್ಥಿಗೆ ವೇತನ ಆಗಲ್ಲ, ಸಾಲಗಾರನಿಗೆ ಮರುಪಾವತಿ ಆಗುತ್ತೆ. ಮೊದಲು ಸಾಲ ಮಾಡೋ ಶಕ್ತಿ ಇದ್ದವನಿಗೆ ಮಾತ್ರ ಅದು ಉಪಯೋಗ.

ತಾರೀಖು ತಪ್ಪಿದ್ರೆ ಏನಾಗುತ್ತೆ ಅನ್ನೋದಕ್ಕೆ ದೇಶವೇ ನೋಡಿದ ಒಂದು ಉದಾಹರಣೆ ಇದೆ. 2024ರಲ್ಲಿ ಉತ್ತರ ಪ್ರದೇಶದ ದಿನಗೂಲಿ ಕಾರ್ಮಿಕರೊಬ್ಬರ ಮಗ, ದಲಿತ ಹುಡುಗ, ಧನಬಾದ್ ಐಐಟಿಯ ಸೀಟು ಗೆದ್ದ. 17,500 ರೂಪಾಯಿ ಕಟ್ಟಬೇಕಿತ್ತು. ಊರವರಿಂದ ಹಣ ಕೂಡಿಸಿ ಕಟ್ಟೋಕೆ ಕೂರುವಷ್ಟರಲ್ಲಿ ಗಡುವಿನ ನಿಮಿಷ ಮುಗಿದಿತ್ತು, ಸೀಟು ಹೋಯ್ತು. ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ತನ್ನ ವಿಶೇಷ ಅಧಿಕಾರ ಬಳಸಿ ಅವನಿಗೆ ಸೀಟು ಕೊಡಿಸಿತು. ಸಂತೋಷ. ಆದರೆ 17,500 ರೂಪಾಯಿಗಾಗಿ ಎಷ್ಟು ಮಂದಿ ಸುಪ್ರೀಂ ಕೋರ್ಟಿನವರೆಗೆ ಹೋಗಬಲ್ಲರು?

ಇನ್ನು ಸಂಶೋಧನೆ ಮಾಡುವವರ ಪಾಡು. ಅಲ್ಪಸಂಖ್ಯಾತ ಸಮುದಾಯಗಳ ಪಿಎಚ್.ಡಿ. ವಿದ್ಯಾರ್ಥಿಗಳಿಗೆ 2009ರಿಂದ ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು 2022-23ರಿಂದ ಹೊಸಬರಿಗೆ ನಿಲ್ಲಿಸಲಾಯಿತು. ಬೇರೆ ಯೋಜನೆಗಳ ಜೊತೆ ಇದು ಅತಿಕ್ರಮಿಸುತ್ತೆ ಅನ್ನೋದು ಸರ್ಕಾರ ಲೋಕಸಭೆಯಲ್ಲಿ ಕೊಟ್ಟ ಕಾರಣ. ಒಬ್ಬ ವಿದ್ಯಾರ್ಥಿ ಎರಡು ಕಡೆ ಹಣ ಪಡೆಯದಂತೆ ತಡೆಯೋಕೆ ನಿಯಮ ಸಾಕಿತ್ತು, ಯೋಜನೆಯನ್ನೇ ಮುಚ್ಚಬೇಕಿರಲಿಲ್ಲ.

ಸಾಲ ಇದೆಯಲ್ಲ ಅಂತೀರಿ. ಇದೆ. ನಾಲ್ಕು ಲಕ್ಷದವರೆಗೆ ಬ್ಯಾಂಕು ಅಡಮಾನ ಕೇಳಬಾರದು. ಆದರೆ ಬಡ್ಡಿಯ ಸಾಲ ಬೇಡ ಅನ್ನೋ ಮನೆಗಳು ನಮ್ಮಲ್ಲಿ ಬಹಳ. ಕರ್ನಾಟಕದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಇಂಥವರಿಗೆ ದೊಡ್ಡ ಆಸರೆ, ಅದರಲ್ಲಿ ಸೇವಾ ಶುಲ್ಕ ಮಾತ್ರ. ಆದರೆ ಅದೂ ಗಡಿಯ ಆಚೆ, ಭೀಮಾ ನದಿ ದಾಟಿ ಬಂದವರಿಗೆ ಸಿಗಲ್ಲ.

ಇಲ್ಲಿಯವರೆಗೆ ಸರ್ಕಾರವನ್ನು ಬೈದೆ, ನೀವೂ ತಲೆಯಾಡಿಸಿದಿರಿ. ಈಗ ನಮ್ಮ ಕಡೆ ತಿರುಗೋಣ. ಇದು ಸ್ವಲ್ಪ ಕಹಿ.

ನಮ್ಮ ಸಮುದಾಯ ದಾನದಲ್ಲಿ ಹಿಂದಿಲ್ಲ. ಜಕಾತಿನ ಹಣ ಹೆಚ್ಚಾಗಿ ಕೈ ಬದಲಾಯಿಸೋದು ರಮಝಾನಿನಲ್ಲಿ. ಇಲ್ಲೊಂದು ಸರಳ ಲೆಕ್ಕವನ್ನು ನಾವು ಗಮನಿಸಿಯೇ ಇಲ್ಲ. ಹಿಜ್ರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. 2016ರಲ್ಲಿ ರಮಝಾನ್ ಜೂನ್‌ನಲ್ಲಿ ಶುರುವಾಯ್ತು. ಆಗ ಹಣ ಹಂಚುವ ಕಾಲವೂ ಫೀಸು ಕಟ್ಟುವ ಕಾಲವೂ ಹತ್ತಿರವಿದ್ದವು. 2025ರಲ್ಲಿ ಅದು ಮಾರ್ಚ್‌ಗೆ ಬಂತು, 2026ರಲ್ಲಿ ಫೆಬ್ರವರಿಗೆ. ವಿಶ್ವವಿದ್ಯಾಲಯದ ಫೀಸು ಮಾತ್ರ ಜುಲೈ-ಆಗಸ್ಟ್ ಬಿಟ್ಟು ಕದಲಿಲ್ಲ. ಈದ್‌ಗೆ ಮೊದಲೇ ಎಲ್ಲ ಹಂಚಿ ಮುಗಿಸಬೇಕು ಅನ್ನೋ ಅವಸರದಲ್ಲಿ ರೇಷನ್ ಕಿಟ್, ಬಟ್ಟೆ ಹೋಗುತ್ತೆ. ಅದೂ ಬೇಕು, ಇಲ್ಲ ಅನ್ನಲ್ಲ. ಆದರೆ ಜುಲೈನಲ್ಲಿ ಹುಡುಗ ಬಾಗಿಲು ತಟ್ಟಿದಾಗ "ರಮಝಾನಿನಲ್ಲಿ ಬರಬೇಕಿತ್ತಲ್ಲ ಬೇಟಾ" ಅನ್ನೋ ಉತ್ತರ ಸಿಗುತ್ತೆ. ನನ್ನ ವಿದ್ಯಾರ್ಥಿಗೂ ಇದೇ ಉತ್ತರ ಸಿಕ್ಕಿತು. ಅವನು ಎರಡನೇ ಬಾಗಿಲು ತಟ್ಟಲಿಲ್ಲ. ಇದನ್ನೇ ನಾವು ಶೌಕ್ ಇಲ್ಲ ಅಂತ ಓದಿಕೊಂಡೆವು. ಅದು ಗೈರತ್ ಆಗಿತ್ತು.

ಇದರ ಜೊತೆಗೆ ನಮ್ಮ ಪ್ರತಿಭಾ ಪುರಸ್ಕಾರ. 90 ಪರ್ಸೆಂಟ್ ತೆಗೆದವರಿಗೆ ಶಾಲು, ಫಲಕ, ಫೋಟೊ. 62 ಪರ್ಸೆಂಟ್ ತೆಗೆದು, ರಾತ್ರಿ ಡೆಲಿವರಿ ಕೆಲಸ ಮಾಡಿ, ಫೀಸು ಬಾಕಿ ಇರುವ ಹುಡುಗನನ್ನು ಯಾರೂ ವೇದಿಕೆಗೆ ಕರೆಯಲ್ಲ. ಭಾಷಣದಲ್ಲಿ ಮಾತ್ರ ಬೀದಿ ದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆ ತಪ್ಪಲ್ಲ. ಓದುಗರೇ, ಆ ಕಥೆ ಕೇಳಿದಾಗಲೆಲ್ಲ ನನಗೆ ಅನ್ನಿಸೋದು ಇಷ್ಟೇ: ಅದೇ ದೀಪದ ಕೆಳಗೆ ಕೂತು ದೊಡ್ಡವರಾಗದೆ ಹೋದವರ ಲೆಕ್ಕ ಯಾರ ಹತ್ತಿರ ಇದೆ?

"ಇದೆಲ್ಲ ಸರ್ಕಾರದ ಕೆಲಸ, ನಾವು ಮಾಡಿದ್ರೆ ಅವರು ಜಾರಿಕೊಳ್ತಾರೆ" ಅನ್ನೋ ಗೆಳೆಯರಿದ್ದಾರೆ. ಮಾತಿನಲ್ಲಿ ಸತ್ಯವಿದೆ. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ, ಕರ್ನಾಟಕದ ಮೆಡಿಕಲ್ ಸೀಟಿಗೆ ಸರ್ಕಾರಿ ಕೋಟಾದವರಿಗೆ ವರ್ಷಕ್ಕೆ 2,000, ಹೊರರಾಜ್ಯದವರಿಗೆ 60,000 ರೂಪಾಯಿ ಅಂತ ಇದ್ದಾಗ, ಶಿಕ್ಷಣ ಮಾರಾಟದ ವಸ್ತು ಅಲ್ಲ, ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷವೇ ಇನ್ನೊಂದು ತೀರ್ಪು ಆ ಹಕ್ಕನ್ನು 14 ವರ್ಷದವರೆಗೆ ಅಂತ ಮಿತಿಗೊಳಿಸಿತು, ಆಮೇಲೆ ಸರ್ಕಾರದ ಆರ್ಥಿಕ ಶಕ್ತಿ ಇದ್ದಷ್ಟು. ಈ ವಾದ ಮುಂದುವರಿಯಲಿ, ಹೋರಾಟವೂ ಬೇಕು. ಆದರೆ ಹೋರಾಟಕ್ಕೆ ವರ್ಷಗಳು ಹಿಡಿಯುತ್ತವೆ, ಹುಡುಗನ ಹತ್ತಿರ ಇರೋದು ಹದಿನೈದು ದಿನ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಪ್ರತಿ ಜಮಾಅತ್, ಪ್ರತಿ ಸಂಘ ರಮಝಾನಿನಲ್ಲಿ ಬಂದ ಹಣದ ಒಂದು ಭಾಗವನ್ನು ಜುಲೈಗೆ ಅಂತ ಎತ್ತಿಡಲಿ. ಕೂಡಿಟ್ಟು ಆಮೇಲೆ ಕೊಡೋದು, ವರ್ಷ ತುಂಬುವ ಮೊದಲೇ ಜಕಾತ್ ಮುಂಗಡ ಕೊಡೋದು, ಇವುಗಳ ನಿಯಮವನ್ನು ನಿಮ್ಮ ಊರಿನ ಆಲಿಮರನ್ನೇ ಕೇಳಿ. ಜಕಾತ್ ಅಲ್ಲದ ಹಣದಿಂದ ಕರ್ಜೆ ಹಸನಾ ನಿಧಿ ಮಾಡಿ. ವಿದ್ಯಾರ್ಥಿವೇತನ ಬಂದಾಗ ಹುಡುಗ ವಾಪಸ್ ಕಟ್ಟಲಿ, ಅದೇ ಹಣ ಮುಂದಿನವನಿಗೆ ಹೋಗಲಿ. ಹುಡುಗರು ಬಾಗಿಲಿಗೆ ಬರಲಿ ಅಂತ ಕಾಯಬೇಡಿ, ಮೇ ತಿಂಗಳಲ್ಲೇ ನೀವು ಅವರ ಬಾಗಿಲಿಗೆ ಹೋಗಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ಫೀಸು ಬಾಕಿ ಅಂತ ಮೂಲ ಅಂಕಪಟ್ಟಿ ಹಿಡಿದಿಟ್ಟುಕೊಳ್ಳೋ ಕಾಲೇಜುಗಳಿವೆ. ನನ್ನ ಬಿ.ಎಡ್. ಕಾಲದಲ್ಲಿ ನನ್ನದನ್ನೂ ಇಟ್ಟುಕೊಂಡಿದ್ದರು, ನಾನು ಸುಮ್ಮನಿದ್ದೆ. ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ನೀವು ಸುಮ್ಮನಿರಬೇಡಿ.

ನನ್ನ ಆ ವಿದ್ಯಾರ್ಥಿ ಈಗ ಭೋಸರಿಯ ಒಂದು ವರ್ಕ್‌ಶಾಪಿನಲ್ಲಿದ್ದಾನೆ. ಸಿಕ್ಕಾಗ ಸಲಾಂ ಹೇಳ್ತಾನೆ, ಓದಿನ ಮಾತು ಎತ್ತಲ್ಲ. ನನಗೂ ಎತ್ತೋಕೆ ಧೈರ್ಯ ಸಾಲಲ್ಲ. ಅವನಿಗೆ ಕಡಿಮೆ ಬಿದ್ದದ್ದು ಒಂದು ಸಮಾರಂಭದ ಶಾಮಿಯಾನ, ಊಟದ ಖರ್ಚಿಗಿಂತ ಹೆಚ್ಚೇನಿರಲಿಲ್ಲ.