ಚಿತ್ರ ನೋಡಿ ಬಂದವರ ಮಾತು

ಆಟ ಮುಗಿದು ದೀಪ ಹತ್ತಿದೊಡನೆ ಮಾತು ಮೊದಲಾಗುತ್ತದೆ. ಟಾಕೀಸಿನ ಬಾಗಿಲಲ್ಲಿ, ಹಿಂದಿರುಗುವ ಬಸ್ಸಿನಲ್ಲಿ, ಮರುದಿನ ಕಛೇರಿಯ ಬಿಡುವಿನಲ್ಲಿ, ಈಚೆಗೆ ಮೊಬೈಲಿನ ಮೂಲಕ ಊರೂರುಗಳ ನಡುವೆ, "ಚಿತ್ರ ಹೇಗಿತ್ತು?" ಎಂದು ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ಪಂಡಿತರು ಇದನ್ನು ಹರಟೆಯೆಂದು ಅಲಕ್ಷಿಸುವುದುಂಟು. ಆದರೆ ವಿಮರ್ಶೆಯೆಂಬ ಮಹಾವೃಕ್ಷದ ಬೀಜವು ಈ ಹರಟೆಯಲ್ಲಿಯೇ ಅಡಗಿದೆ. ಬೀಜವು ಜೊಳ್ಳಾದರೆ ವೃಕ್ಷದ ಗತಿಯೇನಾಗಬೇಕು? ಆದುದರಿಂದ ಚಲಚ್ಚಿತ್ರಪ್ರಿಯರು ತಾವು ನೋಡಿ ಬಂದ ಚಿತ್ರದ ವಿಷಯವಾಗಿ ಆಡುವ ಮಾತು ಎಂತಹುದಾಗಿರಬೇಕು ಎಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಈ ಪ್ರಶ್ನೆಯ ಗೌರವವನ್ನು ತಿಳಿಯಬೇಕಾದರೆ ಕನ್ನಡದ ಮೊದಲನೆಯ ವಾಕ್ಚಿತ್ರವನ್ನು ನೆನೆಯಬೇಕು. 1934ರಲ್ಲಿ ವೈ. ವಿ. ರಾವ್ ಅವರ ನಿರ್ದೇಶನದಲ್ಲಿ 'ಸತಿ ಸುಲೋಚನಾ' ತೆರೆಗೆ ಬಂದಿತು. ಸುಬ್ಬಯ್ಯನಾಯಿಡು ಇಂದ್ರಜಿತುವಾಗಿಯೂ, ತ್ರಿಪುರಾಂಬಾ ಸುಲೋಚನೆಯಾಗಿಯೂ, ನಾಗೇಂದ್ರರಾವ್ ರಾವಣನಾಗಿಯೂ ಅಭಿನಯಿಸಿದರು. ಇಂದು ಆ ಚಿತ್ರದ ಪ್ರತಿ ಉಳಿದಿಲ್ಲ. ನೆರಳು ಹೋಯಿತು, ಧ್ವನಿ ಹೋಯಿತು. ಉಳಿದಿರುವುದು ಕೆಲವು ಛಾಯಾಚಿತ್ರಗಳು ಮತ್ತು ಕಂಡವರು ಕೇಳಿದವರು ಹೇಳಿಟ್ಟ ಮಾತುಗಳು ಮಾತ್ರ. ಅಂದು ನೋಡಿದವನೊಬ್ಬನು "ಬಹಳ ಚೆನ್ನಾಗಿತ್ತು" ಎಂದಷ್ಟೇ ಹೇಳಿ ಹೋಗಿದ್ದರೆ ಮುಂದಿನವರಿಗೆ ಅವನಿಂದ ದೊರೆತದ್ದು ಶೂನ್ಯ. ಇಂದ್ರಜಿತುವು ಯುದ್ಧಕ್ಕೆ ಹೊರಟಾಗ ಸುಲೋಚನೆಯ ಮುಖ ಹೇಗಿತ್ತು, ರಾವಣನ ಕಂಠ ಎಲ್ಲಿ ಏರಿ ಎಲ್ಲಿ ಇಳಿಯಿತು ಎಂಬುದನ್ನು ಹೇಳಿದ್ದರೆ, ಚಿತ್ರವು ನಷ್ಟವಾದ ಮೇಲೆಯೂ ಅದರ ಅಂಶವೊಂದು ಮಾತಿನಲ್ಲಿ ಬದುಕುತ್ತಿತ್ತು. ಅಭಿಪ್ರಾಯಕ್ಕೆ ಇರತಕ್ಕ ಮೊದಲನೆಯ ಲಕ್ಷಣ ಇದೇ: ಅದು ಹೇಳುವವನ ಸುಖದುಃಖವನ್ನು ಮಾತ್ರವೇ ಹೊತ್ತು ಬರದೆ, ಕಂಡ ವಸ್ತುವನ್ನೂ ಸ್ವಲ್ಪಮಟ್ಟಿಗಾದರೂ ಹೊತ್ತು ತರಬೇಕು.

ಪ್ರಾಚೀನರು ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಭರತನು ತನ್ನ ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯವನ್ನು ಪ್ರಯೋಗದ ಸಿದ್ಧಿಗೇ ಮೀಸಲಿಟ್ಟಿದ್ದಾನೆ. ಸಿದ್ಧಿಯು ಮಾನುಷಿಯೆಂದೂ ದೈವಿಯೆಂದೂ ಎರಡು ಬಗೆ. ಸಭಿಕರ ಮುಗುಳ್ನಗೆ, ಅಟ್ಟಹಾಸ, 'ಸಾಧು' 'ಅಹೋ' ಎಂಬ ಉದ್ಗಾರ, ರೋಮಾಂಚ, ಆಸನದಿಂದೇಳುವುದು, ಉತ್ತರೀಯವನ್ನೋ ಉಂಗುರವನ್ನೋ ಎಸೆಯುವುದು, ಇವೆಲ್ಲ ಮಾನುಷಿ ಸಿದ್ಧಿಯ ಚಿಹ್ನೆಗಳು. ಇಂದಿನ ಸಿಳ್ಳೆಗೂ ತೆರೆಯತ್ತ ಎಸೆಯುವ ಚಿಲ್ಲರೆ ಕಾಸಿಗೂ ವಂಶಾವಳಿ ಇಲ್ಲಿಂದಲೇ ಹೊರಡುತ್ತದೆ ಎನ್ನಬಹುದು. ದೈವಿ ಸಿದ್ಧಿಯಲ್ಲಿಯಾದರೋ ರಂಗಮಂದಿರವು ತುಂಬಿರುತ್ತದೆ. ಆದರೂ ಶಬ್ದವಿಲ್ಲ, ಕ್ಷೋಭೆಯಿಲ್ಲ. ಗದ್ದಲವನ್ನು ಸಿದ್ಧಿಯೆಂದು ಒಪ್ಪಿಕೊಂಡ ಶಾಸ್ತ್ರಕಾರನೇ ಅದಕ್ಕಿಂತ ಮೇಲಿನ ಸ್ಥಾನವನ್ನು ಮೌನಕ್ಕೆ ಕೊಟ್ಟನು.

ಇದೇ ಅಧ್ಯಾಯದಲ್ಲಿ ಪ್ರಾಶ್ನಿಕರೆಂಬ ತೀರ್ಪುಗಾರರ ಪ್ರಸ್ತಾಪವೂ ಇದೆ. ಯಜ್ಞವಿದನು, ನರ್ತಕನು, ಛಂದಸ್ಸನ್ನು ಬಲ್ಲವನು, ವೈಯಾಕರಣನು, ರಾಜನು, ಬಿಲ್ಲುಗಾರನು, ಚಿತ್ರಕಾರನು, ವೇಶ್ಯೆ, ಗಾಯಕನು, ರಾಜಸೇವಕನು, ಹೀಗೆ ಹತ್ತು ಮಂದಿ. ಯಾಗದ ಸನ್ನಿವೇಶಕ್ಕೆ ಯಜ್ಞವಿದನ ಮಾತು ಪ್ರಮಾಣ, ಬಾಣಪ್ರಯೋಗಕ್ಕೆ ಬಿಲ್ಲುಗಾರನದು, ಪ್ರಣಯೋಪಚಾರಕ್ಕೆ ವೇಶ್ಯೆಯದು. ಯಾರ ವಿದ್ಯೆಯೂ ಹೀನವೆಂದು ಸಭೆಯಿಂದ ಹೊರಗೆ ಹೋಗಲಿಲ್ಲ. ಎಲ್ಲಕ್ಕೂ ತಾನೊಬ್ಬನೇ ಪ್ರಮಾಣವೆಂಬ ಅಧಿಕಾರವೂ ಯಾರಿಗೂ ದೊರೆಯಲಿಲ್ಲ. ಚಿತ್ರವನ್ನು ಕುರಿತು ನಾಲ್ಕು ಜನ ಕಲೆತು ಮಾತಾಡುವುದು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ಸಮಾಧಾನ ಬೇರೆ ಸಿಕ್ಕಲಾರದು.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. 2022ನೆಯ ಇಸವಿ ಸೆಪ್ಟೆಂಬರ್ ಕೊನೆಯಲ್ಲಿ ರಿಷಬ್ ಶೆಟ್ಟಿಯವರ 'ಕಾಂತಾರ' ಬಿಡುಗಡೆಯಾಯಿತು. ಆ ಚಿತ್ರದ ವಿಷಯವಾಗಿ ಮಾತಾಡದ ಮನೆಯೇ ಅಪರೂಪವಾಗಿತ್ತು. ಕಡೆಯ ಭಾಗದಲ್ಲಿ ನಾಯಕನ ಮೈಮೇಲೆ ದೈವವು ಬಂದಾಗ ಮೈನವಿರೆದ್ದಿತೆಂದು ಹೇಳಿದವರು ಅಸಂಖ್ಯರು. ಅವರ ಮಾತು ಸತ್ಯ; ಕಾಡಿನ ಅಧಿಕಾರಿಯ ಕೈಯನ್ನೂ ಊರಿನವರ ಕೈಗಳನ್ನೂ ದೈವವು ಮಾತಿಲ್ಲದೆ ಒಂದುಗೂಡಿಸುವ ಘಟ್ಟದಲ್ಲಿ ರೌದ್ರವು ಶಾಂತಕ್ಕೆ ತಿರುಗುವ ಬಗೆ ಯಾವ ಲಾಕ್ಷಣಿಕನೂ ಮೆಚ್ಚತಕ್ಕದ್ದು. ಇನ್ನು ಕೆಲವರು, ವಿಶೇಷವಾಗಿ ಸ್ತ್ರೀಯರು, ಲೀಲಾ ಎಂಬ ಪಾತ್ರವನ್ನು ಎತ್ತಿಕೊಂಡರು. ಊರಿನ ಮಗಳೂ ಅರಣ್ಯ ಇಲಾಖೆಯ ನೌಕರಳೂ ಆದ ಆಕೆಯ ಧರ್ಮಸಂಕಟವು ಕಥೆಯ ಹೃದಯಕ್ಕೇ ಸೇರಿದ್ದಾಗಿದ್ದರೂ ಚಿತ್ರವು ಅದನ್ನು ಅರ್ಧಕ್ಕೆ ಬಿಟ್ಟಿತು. ನಾಯಕನು ಆಕೆಯೊಡನೆ ತೋರಿಸುವ ಸಲಿಗೆಯನ್ನು ವಿನೋದವೆಂದು ತೇಲಿಸಿತು ಎಂಬುದು ಅವರ ಆಕ್ಷೇಪ. ಇದೂ ಸತ್ಯ. ಭೂತಾರಾಧನೆಯ ಮನೆತನಗಳಲ್ಲಿ ಬೆಳೆದ ಕರಾವಳಿಯವರಲ್ಲಿ ಕೆಲವರು ಇನ್ನೊಂದು ಮಾತು ಹೇಳಿದರು: ಅವರಿಗೆ ಕೋಲವು ಪೂಜೆ, ಅದರ ಕೂಗನ್ನು ಕಂಡವರೆಲ್ಲರೂ ಬೀದಿಯಲ್ಲಿ ಅನುಕರಿಸುವಂತಾದುದು ನೋವಿನ ಸಂಗತಿ. ಈ ನೋವು ನಿರಾಧಾರವಲ್ಲ. 2025ರಲ್ಲಿ ಇದೇ ಕಥಾಪರಂಪರೆಯ ಎರಡನೆಯ ಚಿತ್ರ ಬಂದಾಗ, ದೈವದ ವೇಷವನ್ನೂ ಆವೇಶವನ್ನೂ ಅನುಕರಿಸಬೇಡಿರೆಂದು ನಿರ್ಮಾಪಕರೇ ಪ್ರೇಕ್ಷಕರನ್ನು ಪ್ರಾರ್ಥಿಸಬೇಕಾಯಿತು.

ಈ ಮೂವರಲ್ಲಿ ಗೆದ್ದವರು ಯಾರು ಎಂದು ಕೇಳುವುದು ವ್ಯರ್ಥ. ಒಬ್ಬನು ಅಭಿನಯದ ಪ್ರಾಶ್ನಿಕ, ಇನ್ನೊಬ್ಬಳು ಲೋಕವೃತ್ತದ ಪ್ರಾಶ್ನಿಕೆ, ಮತ್ತೊಬ್ಬನು ಆರಾಧನೆಯ ಪ್ರಾಶ್ನಿಕ. ಮೂವರೂ ಚಿತ್ರದ ಒಂದೊಂದು ಸ್ಥಳಕ್ಕೆ ಬೆರಳಿಟ್ಟು ತೋರಿಸಿದರು. ಆದುದರಿಂದಲೇ ಕೇಳಿದವನು ಮತ್ತೊಮ್ಮೆ ಹೋಗಿ ನೋಡಿ ಒಪ್ಪಬಹುದು ಅಥವಾ ನಿರಾಕರಿಸಬಹುದು. ಪರೀಕ್ಷೆಗೆ ಒಳಗಾಗಬಲ್ಲ ಅಭಿಪ್ರಾಯವೇ ಅಭಿಪ್ರಾಯ.

ಆದರೆ ಇಂದು ಹೆಚ್ಚಾಗಿ ಕೇಳಿಬರುವುದು ಇಂತಹ ಮಾತಲ್ಲವೆಂಬುದು ಖೇದಕರ. "ಇಷ್ಟು ಕೋಟಿ ಗಳಿಸಿತು" ಎಂಬುದು ಚಿತ್ರವು ಉತ್ತಮವೆನ್ನುವುದಕ್ಕೆ ಕೊನೆಯ ಪ್ರಮಾಣವಾಗಿ ನಿಂತಿದೆ. ಗಳಿಕೆಯ ಲೆಕ್ಕ ನಿರ್ಮಾಪಕನಿಗೂ ಗುಮಾಸ್ತನಿಗೂ ಬೇಕಾದದ್ದು. ಟಿಕೆಟ್ಟಿಗೆ ಹಣ ತೆತ್ತು ಬಂದವನು ಪರರ ಲಾಭದಲ್ಲಿ ತನ್ನ ಆನಂದವನ್ನು ಅಳೆಯುವುದು ವಿಚಿತ್ರವಲ್ಲವೆ? ಎರಡನೆಯದು ನಟರ ಮೇಲಿನ ಪಕ್ಷಪಾತ. ತನ್ನ ನಟನ ಚಿತ್ರವನ್ನು ನೋಡುವುದಕ್ಕೆ ಮೊದಲೇ ಹೊಗಳಿ, ಇನ್ನೊಬ್ಬನದನ್ನು ನೋಡದೆಯೇ ತೆಗಳುವವನು ಚಿತ್ರಮಂದಿರಕ್ಕೆ ಹೋಗುವುದು ಏತಕ್ಕೆ? ಅವನ ತೀರ್ಪು ಮನೆಯಲ್ಲಿಯೇ ಸಿದ್ಧವಾಗಿದೆ. ಮೂರನೆಯದು "ಸ್ಲೋ", "ಬೋರು" ಎಂಬ ಸಿದ್ಧಪದಗಳು. ಇವುಗಳಿಂದ ಆಗುವ ಹಾನಿ ಉಳಿದೆರಡಕ್ಕಿಂತಲೂ ಹೆಚ್ಚು. ಏಕೆಂದರೆ ನೋಡುವವರಿಗೆ ಇವು ವಿಮರ್ಶೆಯಂತೆಯೇ ಕಾಣುತ್ತವೆ.

ಅಭಿನವಗುಪ್ತನು ರಸಾನುಭವಕ್ಕೆ ಬರುವ ವಿಘ್ನಗಳನ್ನು ಏಳು ಎಂದು ಎಣಿಸಿದ್ದಾನೆ. ಕಥೆ ಸಂಭಾವ್ಯವಾಗಿ ತೋರದಿರುವುದು, ಅಭಿವ್ಯಕ್ತಿ ಸ್ಫುಟವಾಗದಿರುವುದು, ಮುಖ್ಯವಾದದ್ದು ಅಮುಖ್ಯವಾಗುವುದು ಮೊದಲಾದವು ಕೃತಿಗೆ ಸಂಬಂಧಿಸಿದವು. ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದೂ ಅವುಗಳಲ್ಲಿ ಒಂದು. ಇದು ಪ್ರೇಕ್ಷಕನಲ್ಲಿರುವ ವಿಘ್ನ. "ಸ್ಲೋ" ಎಂದು ತೀರ್ಪು ಕೊಡುವವನು ವಿಘ್ನವು ತೆರೆಯ ಮೇಲಿತ್ತೋ ಆಸನದಲ್ಲಿತ್ತೋ ಎಂದು ಒಂದು ಕ್ಷಣ ವಿಚಾರಿಸಬೇಕು.

ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಈ ಮಾತಿಗೆ ಸಾಕ್ಷಿ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಕಪ್ಪುಬಿಳುಪಿನ ಚಿತ್ರವು 1977ರ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಜೀರ್ಣೋದ್ಧಾರಗೊಂಡ ಪ್ರತಿಯು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು. ವೇದಪಾಠಶಾಲೆಗೆ ಬಂದ ನಾಣಿಯೆಂಬ ಬಾಲಕ, ಗುರುಗಳ ಮಗಳಾದ ಬಾಲವಿಧವೆ ಯಮುನೆ, ಆಕೆಯ ಗರ್ಭ, ಊರಿನ ಬಹಿಷ್ಕಾರ, ಬದುಕಿರುವ ಮಗಳಿಗೆ ತಂದೆಯೇ ಮಾಡುವ ಶ್ರಾದ್ಧ: ಇಷ್ಟೇ ಕಥೆ. ಇದನ್ನು ಇಂದು ನೋಡುವ ತರುಣರು ಚಿತ್ರ ಮುಂದಕ್ಕೆ ಹೋಗುವುದೇ ಇಲ್ಲವೆಂದು ಗೊಣಗುವುದುಂಟು. ಆದರೆ ಚಿತ್ರವು ನಡೆಯುವುದು ಬಾಲಕನ ಕಣ್ಣಿನ ವೇಗದಲ್ಲಿ. ಅವನಿಗೆ ತನ್ನ ಅಕ್ಕನಂತಿರುವ ಯಮುನೆಯ ವ್ಯಥೆ ಕಾಣುತ್ತದೆ, ಕಾರಣ ತಿಳಿಯುವುದಿಲ್ಲ. ಅರಿವು ಅವನಲ್ಲಿ ಮೆಲ್ಲಮೆಲ್ಲಗೆ ಮೂಡುವಂತೆಯೇ ನೋಡುವವರಲ್ಲಿಯೂ ಮೂಡಬೇಕು. ಕೊನೆಗೆ ಕೇಶಮುಂಡನವಾಗಿ ಮರದಡಿಯಲ್ಲಿ ಕುಳಿತ ಆಕೆಯನ್ನು ಅವನು ಹಿಂದಿರುಗಿ ನೋಡುವಾಗ ಆ ಅರಿವು ಪೂರ್ಣವಾಗಬೇಕು. ವೇಗವನ್ನು ಹೆಚ್ಚಿಸಿದರೆ ಬಾಲಕನೇ ಇಲ್ಲವಾಗುತ್ತಾನೆ. ಬಾಲಕನಿಲ್ಲದಿದ್ದರೆ ಕರುಣರಸಕ್ಕೆ ಆಶ್ರಯವಿಲ್ಲ. ಇದನ್ನು ತಿಳಿದ ಮೇಲೆಯೂ ಒಬ್ಬನು "ಇಂತಹ ದೃಶ್ಯದಲ್ಲಿ ಇನ್ನಷ್ಟು ಬಿಗಿ ಬೇಕಿತ್ತು" ಎಂದರೆ ಆ ಮಾತಿಗೆ ಬೆಲೆಯುಂಟು.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ದಿನವೆಲ್ಲ ದುಡಿದು ಬಂದವನು ಮನರಂಜನೆಗೆಂದು ಚಿತ್ರಕ್ಕೆ ಹೋಗುತ್ತಾನೆ. ಅವನಿಗೆ ಈ ಶಾಸ್ತ್ರವೆಲ್ಲ ಏಕೆ? ನ್ಯಾಯವಾದ ಪ್ರಶ್ನೆ. ಶ್ರಮದಿಂದಲೂ ಶೋಕದಿಂದಲೂ ಬಳಲಿದವರಿಗೆ ವಿಶ್ರಾಂತಿ ಕೊಡುವುದು ನಾಟ್ಯದ ಪ್ರಯೋಜನವೆಂದು ಭರತನೇ ಒಪ್ಪಿದ್ದಾನೆ. ನೋಡಿ ಸುಮ್ಮನೆ ಸಂತೋಷಪಟ್ಟು ಮಲಗುವವನಿಂದ ಯಾರೂ ಏನನ್ನೂ ಕೇಳಲಾರರು. ಆದರೆ ಬಾಯ್ದೆರೆದು ಇನ್ನೊಬ್ಬನಿಗೆ "ಹೋಗು" ಎಂದೋ "ಹೋಗಬೇಡ" ಎಂದೋ ಹೇಳಿದ ಕ್ಷಣದಿಂದ ಅವನು ಪ್ರಾಶ್ನಿಕನಾದನು. ಕಾರಣವನ್ನು ಕೊಡುವ ಋಣ ಅವನ ಮೇಲೆ ಬಿದ್ದಿತು.

ಸಾಮಾನ್ಯ ಜನರಿಂದ ಇದು ಸಾಧ್ಯವೆ ಎಂದು ಸಂಶಯಪಡುವವರಿಗೆ ಹೆಗ್ಗೋಡು ಉತ್ತರ ಕೊಡುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಈ ಅಡಕೆಯ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಸತ್ಯಜಿತ್ ರಾಯ್, ಡಿ ಸಿಕಾ, ಕುರೊಸಾವಾ ಮೊದಲಾದವರ ಕೃತಿಗಳು ಹಳ್ಳಿಗರ ಮುಂದೆ ಬಂದವು. ಪುಣೆಯ ಚಲಚ್ಚಿತ್ರಶಾಲೆಯ ಸತೀಶ ಬಹಾದೂರರನ್ನು ಕರೆಸಿ ರಸಗ್ರಹಣ ಶಿಬಿರಗಳನ್ನು ನಡೆಸಿದರು. ರೈತರೂ ಉಪಾಧ್ಯಾಯರೂ ಗೃಹಿಣಿಯರೂ ಭಾಷೆಯರಿಯದ ಚಿತ್ರಗಳನ್ನು ನೋಡಿದರು. ನೋಡಿದ ಮೇಲೆ ಕುಳಿತು ಮಾತಾಡಿದರು. ಈ ಎರಡನೆಯ ಕಾರ್ಯವೇ ಮುಖ್ಯ. ಚಿತ್ರಗಳನ್ನು ತರಿಸುವುದು ಇಂದು ಸುಲಭ. ಕುಳಿತು ಮಾತಾಡುವುದಕ್ಕೆ ತಾಳ್ಮೆ ಬೇಕು, ಎದುರಾಳಿಯ ಮಾತನ್ನು ಕೇಳುವ ಕಿವಿ ಬೇಕು.

ಹೀಗಿರುವುದರಿಂದ ಚಿತ್ರಪ್ರಿಯರಾದವರು ಸಣ್ಣದೊಂದು ನಿಯಮವನ್ನು ಇಟ್ಟುಕೊಳ್ಳಬಹುದು. ಮೆಚ್ಚಿದೆನೆಂದಾಗ ಒಂದು ದೃಶ್ಯವನ್ನು ಹೆಸರಿಸಲಿ; ಮೆಚ್ಚಲಿಲ್ಲವೆಂದಾಗ ಇನ್ನೊಂದನ್ನು ಹೆಸರಿಸಲಿ. ಮಕ್ಕಳೊಡನೆ ಊಟಕ್ಕೆ ಕುಳಿತಾಗಲೂ ಇಷ್ಟು ಸಾಧ್ಯ. ಯಂತ್ರಗಳಲ್ಲಿ ಈಗ ಚಿತ್ರಗಳು ಸುರಕ್ಷಿತವಾಗಿರುವಂತೆ ತೋರಬಹುದು. 'ಸತಿ ಸುಲೋಚನಾ'ವನ್ನು ನೋಡಿದವರಿಗೂ ಅದು ಕಳೆದುಹೋದೀತೆಂದು ತೋರಿರಲಾರದು. ಕಂಡದ್ದನ್ನು ಕಂಡಂತೆ ಹೇಳುವ ಮಾತು ಮನೆಗಳಲ್ಲಿ ಉಳಿದಿದ್ದರೆ ಚಿತ್ರಕ್ಕೆ ಎರಡನೆಯ ಪ್ರತಿಯೊಂದು ಸಿದ್ಧವಾಗಿದ್ದಂತೆ.